ಕೆಳಗಿನಿಂದ ಕಂಡ ಅಕ್ಷರ

ಫೆಬ್ರವರಿ 30, 2291
ಗಾಳಿಕೇರಿ, ಕಪ್ಪತಗುಡ್ಡದ ಬುಡ

ನಮ್ಮ ಮನೆತನದ, ಹೆಸರು ಗೊತ್ತಿಲ್ಲದ ಹಿರಿಯವ್ವನಿಗೆ ಬಸಲಿಂಗವ್ವನ ಶರಣಾರ್ಥಿ.

ತಾರೀಖು ನೋಡಿ ನಗಬೇಡಿ. ಪಾಪ, ಅದೊಂದು ತಿಂಗಳಿಗೇಕೆ ಕಡಿಮೆ ಎಂದು ನಾವು ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದೇವೆ. ಈ ಕಾಗದವನ್ನು ನಾನು ಕೈಯಾರೆ ಬರೆಯುತ್ತಿಲ್ಲ. ಕಳೆದ ಕಾಲಕ್ಕೆ ಕಾಗದ ಒಯ್ಯುವ ಕಚೇರಿಯೊಂದು ನಮ್ಮಲ್ಲಿದೆ, ಹಿಂದಂಚೆ ಎನ್ನುತ್ತೇವೆ. ಅಲ್ಲಿನ ಪೆಟ್ಟಿಗೆಯ ಮುಂದೆ ಕೂತು ಹೇಳುತ್ತಿದ್ದೇನೆ, ಅದು ನಿಮ್ಮ ಕಾಲದ ಪುಸ್ತಕದ ಕನ್ನಡದಲ್ಲಿ ಬರೆದುಕೊಳ್ಳುತ್ತಿದೆ. ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ಒಂದು ಮನೆತನಕ್ಕೆ ಒಂದೇ ಕಾಗದ. ಅದನ್ನು ನಿಮಗೇ ಕಳಿಸಬೇಕೆಂದು ಹಟ ಹಿಡಿದಿದ್ದೇನೆ. ನಿಮ್ಮ ಮಗಳು ಶಾಲೆಗೆ ಹೋಗದೆ ಮನೆಯಲ್ಲೇ ಬೆಳೆದಳಂತೆ, ಎಂಟು ತುಂಬಿದರೂ ಓದುತ್ತಿರಲಿಲ್ಲವಂತೆ, ನೀವು ಊರವರ ಬಾಯಿಗೆ ಹೆದರಿದ್ದಿರಂತೆ. ನಿಮ್ಮ ಬಗ್ಗೆ ನಮ್ಮ ಮನೆಯಲ್ಲಿ ಉಳಿದಿರುವುದು ಇಷ್ಟೇ ಮಾತು.

ನಾವು ರೆಕ್ಕೆ ಹೊಲಿಯುವವರು. ಗುಡ್ಡದ ಮೇಲಿನ ಗಾಳಿಗಂಬಗಳಿಗೆ ಈಗ ಬಟ್ಟೆಯ ರೆಕ್ಕೆಗಳಿವೆ, ಒಂದೊಂದೂ ಹತ್ತು ಆಳುದ್ದ. ಹರಿದದ್ದನ್ನು ಕೆಳಗಿಳಿಸಿ, ಚೌಕಟ್ಟಿಗೆ ಬಿಗಿದು ತೇಪೆ ಹಾಕುತ್ತೇವೆ. ಹೇಗೆ ಹರಿಯಿತು, ಯಾರು ಹೊಲಿದರು ಎಂದು ಪ್ರತಿ ತೇಪೆಯ ಮೇಲೂ ದಾರದಲ್ಲೇ ಬರೆಯಬೇಕೆಂಬುದು ನಮ್ಮ ಕೇರಿಯ ಕಟ್ಟಳೆ. ನನ್ನ ಅವ್ವ ಕೆಂಚವ್ವ ಸೀಮೆಸುಣ್ಣದಲ್ಲಿ ಅಕ್ಷರ ಬರೆಯುತ್ತಾಳೆ. ನಾನು ಅದರ ಮೇಲೆ ಸೂಜಿ ಚುಚ್ಚುತ್ತೇನೆ. ನನ್ನ ಮಗಳು ದ್ಯಾಮಕ್ಕ ಚೌಕಟ್ಟಿನ ಕೆಳಗೆ ಅಂಗಾತ ಮಲಗಿ, ಸೂಜಿ ಹಿಡಿದು ಮೇಲಕ್ಕೆ ವಾಪಸು ಚುಚ್ಚುತ್ತಾಳೆ. ಮನಸ್ಸಾದಾಗ "ಆಯೀ, ಇದೇನು?" ಎಂದು ಅಜ್ಜಿಯನ್ನು ಕೇಳುತ್ತಾಳೆ. ಕೇಳಿದ ಅಕ್ಷರವೊಂದನ್ನು ಕೆಂಚವ್ವ ಹೇಳುತ್ತಾಳೆ, ಪಕ್ಕದ್ದನ್ನು ಹೇಳುವುದಿಲ್ಲ. ಹುಡುಗಿ ವಾರಗಟ್ಟಲೆ ಏನೂ ಕೇಳದೆ ಇರುವೆಗಳ ಜೊತೆ ಹರಟುತ್ತಾ ಬಿದ್ದಿದ್ದರೂ ಅವ್ವ ತಾನಾಗಿ ಕಲಿಸಲು ಹೋಗುವುದಿಲ್ಲ. ನಾನು ಸಿಡಿಮಿಡಿಗೊಂಡರೆ, "ಹಸಿವಾದಾಗ ರೊಟ್ಟಿ ಕೇಳೂದಿಲ್ಲೇನ? ಇದನ್ನೂ ಕೇಳ್ತಾಳ. ನೀ ನಿನ್ನ ಸೂಜಿ ನೋಡ್ಕೋ" ಎಂದು ನನಗೇ ಗದರುತ್ತಾಳೆ.

ನನ್ನ ಸಿಡಿಮಿಡಿಗೆ ಕಾರಣವಿತ್ತು. ಒಂಬತ್ತು ತುಂಬುವಷ್ಟರಲ್ಲಿ ಓದಲು ಬಾರದ ಮಗುವಿನ ಕಿವಿಯ ಹಿಂದೆ ಇಲ್ಲಿ ಓದುಮಣಿ ಕೂರಿಸುತ್ತಾರೆ. ಜೋಳದ ಕಾಳಿನಷ್ಟು ಸಾಧನ, ಕಣ್ಣೆದುರಿನ ಬರಹವನ್ನು ಕಿವಿಯಲ್ಲಿ ಓದಿ ಹೇಳುತ್ತದೆ. ಒಳ್ಳೆಯದೇ ಅಲ್ಲವೇ ಎನ್ನುತ್ತೀರಿ. ಕೇಳಿ, ನನ್ನ ಕಾಲಕ್ಕೆ ಅವ್ವನಿಗೂ ಇದೇ ಹೆದರಿಕೆಯಿತ್ತು. ಬೈದು, ಬಡಿದು ಕಲಿಸಲು ಹೋದಳು. ಅವಳ ಕೈ ಕಂಡರೆ ಅಕ್ಷರವೆಲ್ಲ ಮಾಯವಾಗುತ್ತಿತ್ತು. ಒಂಬತ್ತಕ್ಕೆ ನನಗೆ ಮಣಿ ಬಂತು. ಆಮೇಲೆ ಮೂವತ್ತೆರಡು ವರ್ಷ ಅದು ಓದಿದ್ದನ್ನಷ್ಟೇ ಕೇಳಿದೆ, ಏನು ಬಿಟ್ಟಿತೋ ತಿಳಿಯದು. ಸಾವಿರಾರು ತೇಪೆಗಳ ಮೇಲೆ ಅಕ್ಷರ ಹೊಲಿದ ನನಗೆ ಒಂದಕ್ಷರವೂ ಗೊತ್ತಿಲ್ಲ. ಹೇಳಲು ನಾಚಿಕೆಯಿಲ್ಲ, ಸಿಟ್ಟಿದೆ.

ದ್ಯಾಮಕ್ಕನಿಗೆ ಒಂಬತ್ತು ತುಂಬಿದ ಮರುದಿನವೇ ಓದುಗಾವಲಿನ ಮೇಡಂ ಬಂದರು. ಯಾವ ಮಗು ಓದುತ್ತದೆ, ಯಾವುದು ಇಲ್ಲ ಎಂದು ಮನೆಮನೆ ತಿರುಗುವ ಕಚೇರಿ ಅದು. ಅವರು ಮುಂದಿಟ್ಟ ಹಾಳೆಯನ್ನು ಮಗಳು ದಿಟ್ಟಿಸಿದಳು, ತಲೆ ಕೆರೆದಳು, ಬಾಯಿ ಬಿಡಲಿಲ್ಲ. ಮೇಡಂ ತಮ್ಮ ಕಾಗದದಲ್ಲಿ ಏನೋ ಬರೆದು ಮಣಿಯ ಡಬ್ಬಿ ತೆರೆದರು. ಅಷ್ಟರಲ್ಲಿ ದ್ಯಾಮಕ್ಕ ಅವರು ಬರೆದ ಕಾಗದವನ್ನೇ ಎತ್ತಿಕೊಂಡು ಬಾಗಿಲಿಗೆ ಓಡಿದಳು. ಬಿಸಿಲಿಗೆ ಅಡ್ಡ ಹಿಡಿದು, ಹಾಳೆಯ ಬೆನ್ನ ಕಡೆಯಿಂದ, ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದಿದಳು: "ಈ... ಮಗುವಿಗೆ... ಓದಲು... ಬರುವುದಿಲ್ಲ."

ಕೆಂಚವ್ವ ಕೆಮ್ಮು ಬರುವಷ್ಟು ನಕ್ಕಳು. ನನಗೆ ಆಗ ಹೊಳೆಯಿತು. ಮಗಳು ಅಕ್ಷರ ಕಂಡದ್ದೆಲ್ಲ ಬಟ್ಟೆಯ ಕೆಳಗಿನಿಂದ, ನಮ್ಮ ಎಡವೇ ಅವಳ ಬಲ. ರೆಕ್ಕೆ ಹೊಲಿಯುವವರ ಮನೆಯಲ್ಲಿ ಮಾತ್ರ ಆಗುವ ತಪ್ಪು ಇದು, ತಪ್ಪೆನ್ನುವುದಾದರೆ.

ಮೇಡಂ ನಗಲಿಲ್ಲ. "ತಿರುವಿ ಓದಿದ್ದು ಓದಲ್ಲವ್ವಾ. ಎಂಟು ದಿನ ಕೊಡ್ತೀನಿ. ಅಷ್ಟರಾಗ ನೆಟ್ಟಗ ಓದಸ್ರಿ, ಇಲ್ಲಂದ್ರ ಮಣಿ" ಎಂದರು. ಎಂಟು ದಿನ ಬಡಿದು ಉರು ಹೊಡೆಸಬಹುದಿತ್ತು. ನಾನು ಹೇಳಿದೆ: "ಎಂಟು ದಿನ ಅಲ್ರೀ, ಒಂದು ತಾಸೂ ಅಕಿಗೆ ಅವಸರ ಮಾಡೂದಿಲ್ಲ. ಕೆಳಗಿಂದ ಕಲತಾಕಿ ಮ್ಯಾಲಿಂದೂ ಕಲೀತಾಳ, ಮನಸಾದಾಗ. ಮಣಿ ತಂದ್ರ ಮೊದಲು ನನ್ನ ದಾಟಿ ಹೋಗ್ರಿ." ಹಾಗೆ ಅಡ್ಡ ಬಂದರೆ ನನ್ನ ಕೆಲಸದ ಪರವಾನಗಿ ರದ್ದಾಗುತ್ತದೆ ಎಂದರು ಮೇಡಂ. ಆಗಲಿ.

ಹಿರಿಯವ್ವಾ, ನಿಮ್ಮನ್ನು ಕೇಳಿಕೊಳ್ಳುವುದು ಒಂದೇ. ನಿಮ್ಮ ಅಂಗಳದಲ್ಲಿ ಆಡುತ್ತಿರುವ ಆ ಹುಡುಗಿಯನ್ನು ಹಿಡಿದೆಳೆದು ಪಾಠಕ್ಕೆ ಕೂರಿಸಬೇಡಿ. ಅವಳು ಕೇಳಿದ ದಿನ ಹೇಳಿಕೊಡಿ, ಕೇಳದ ದಿನ ಊಟಕ್ಕಿಡಿ. ಊರವರು ನಕ್ಕರೆ ನೀವೂ ಒಂದಿಷ್ಟು ನಕ್ಕುಬಿಡಿ. ಹೆದರಿದ ತಾಯಿಯ ಕೈ ಎಷ್ಟು ಭಾರವೆಂದು ನಾನು ಬಲ್ಲೆ.

ಎಂಟು ದಿನ ನಾಳೆಗೆ ಮುಗಿಯುತ್ತದೆ. ನಿನ್ನೆ ಕಿವಿ ಚುಚ್ಚುವ ಪತ್ತಾರ ಮೌನೇಶಣ್ಣನ ಹತ್ತಿರ ಹೋಗಿ ನನ್ನ ಮಣಿಯನ್ನು ತೆಗೆಸಿಬಿಟ್ಟೆ. ಕಿವಿ ಬಾತುಕೊಂಡಿದೆ, ಊರಿನ ಬರಹವೆಲ್ಲ ಮೂಕವಾಗಿದೆ. ಇಂದು ಬೆಳಿಗ್ಗೆ ಚೌಕಟ್ಟಿನ ಕೆಳಗೆ ಮಗಳ ಪಕ್ಕದಲ್ಲಿ ಮಲಗಿ ಎರಡು ಅಕ್ಷರ ಅವಳನ್ನೇ ಕೇಳಿ ತಿಳಿದುಕೊಂಡೆ. ಮೂರನೆಯದನ್ನು ಯಾವಾಗ ಕೇಳುತ್ತೇನೋ, ಅದು ನನ್ನಿಷ್ಟ. ನಾಳೆ ಮೇಡಂ ಡಬ್ಬಿಯಲ್ಲಿ ಎರಡು ಮಣಿ ತರಬೇಕಾಗುತ್ತದೆ. ತರಲಿ. ಎರಡನ್ನೂ ವಾಪಸು ಒಯ್ಯುತ್ತಾರೆ.