ಬೆನ್ನು ನೆಲಕ್ಕೆ ತಾಗಿದ ದಿನ

ಅಕ್ಕಾ, ನಮಸ್ಕಾರ. ಸೋಲು ಗೆಲುವು ಮೊದಲೇ ಗೊತ್ತು ಮಾಡಿ ಆಡುವ ಪ್ರದರ್ಶನ ಕುಸ್ತಿಯ ತಂಡಕ್ಕೆ ನಾನು ಆಯ್ಕೆಯಾದೆ! ಹಳೆಯ ಗೋದಾಮಿನಲ್ಲಿ ರಿಂಗ್ ಹಾಕಿದ್ದಾರೆ. ತರಬೇತಿ ಕೊಡುವವರು ನಮ್ಮ ಅತ್ತೆಯ ವಯಸ್ಸಿನ ಹೆಂಗಸು, ಯಾವ ಕುಸ್ತಿ ಕಂಪನಿಗೂ ಸೇರದೆ ಇಪ್ಪತ್ತು ವರ್ಷ ಊರೂರು ಸುತ್ತಿ ಆಡಿದವರು. ಅವರು ಎತ್ತಿ ಒಗೆದಾಗ ನಾನು ಅಂಗಾತ ಬೀಳಬೇಕು, ಅಷ್ಟೇ ಪರೀಕ್ಷೆ. ಆದರೆ ಬೆನ್ನು ನೆಲಕ್ಕೆ ತಾಗಿದರೆ ಸೋತಂತೆ, ತಾಗಲೇಬಾರದೆಂದು ಅಪ್ಪ ಕುಸ್ತಿ ಕಲಿಸುವಾಗ ಹೇಳಿದ್ದು ಮೈಗೆ ಹತ್ತಿಬಿಟ್ಟಿದೆ. ಮೂರು ಸಲವೂ ಹೊರಳಿ ಬೋರಲು ಬಿದ್ದೆ.

“ಏನಪ್ಪಾ, ಬೆನ್ನನ್ನ ಮದುವೆಗೆ ಅಂತ ಎತ್ತಿಟ್ಟಿದ್ದೀಯಾ? ಇನ್ನೊಂದು ಸಲ ನೋಡ್ತೀನಿ, ಆಗಲಿಲ್ಲ ಅಂದ್ರೆ ಊರಿನ ಬಸ್ಸು ಹತ್ತು” ಎಂದರು.

ಕಣ್ಣು ಮುಚ್ಚಿ ಅಂಗಾತ ಬಿದ್ದೆ. ಗೋದಾಮೇ ನಡುಗಿತು. ಬೆನ್ನು ಕೆಂಪಾಗಿದೆ, ಮೂಳೆ ಗಟ್ಟಿಯಿದೆ. ಶನಿವಾರ ಮೊದಲ ಪಂದ್ಯ, ಸೋಲಬೇಕಾದವನು ನಾನೇ. ಕೆಲಸ ಸಿಕ್ಕಿತೆಂದು ಅಪ್ಪನಿಗೆ ಹೇಳು, ಈ ಕಾರ್ಡು ಮಾತ್ರ ಅವರ ಕೈಗೆ ಕೊಡಬೇಡ.

ನಿನ್ನ ತಮ್ಮ