ರೊಟ್ಟಿಗಿಂತ ಮೊದಲು ಹೇಳಬೇಕಾದದ್ದು

ಫೆಬ್ರವರಿ ಮೂವತ್ತು, ೨೩೧೧

ಹಿಂದಿನ ಕಾಲದ ಬಂಧುಗಳೇ,

ತಾರೀಖು ನೋಡಿ ನಗಬೇಡಿ, ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನೀವು ಕೇಳದ ಪದಗಳು ಬಂದರೆ ಮನ್ನಿಸಿ. ರೂಪಪಾಲು ಎಂದರೆ ಸುಟ್ಟ ಚರ್ಮ, ಸೀಳಿದ ತುಟಿ ಸರಿಮಾಡಿಸಲು ಸರ್ಕಾರ ಪ್ರತಿ ಸೀಮೆಗೆ ಕೊಡುವ ಹಣ. ಯಾವ ಸೀಮೆಗೆ ಎಷ್ಟು ಬೇಕೆಂದು ಮನೆಮನೆಗೆ ಬಂದು ವಿಚಾರಿಸುವವರು ಕೇಳುಗರು.

ನನ್ನ ಮೊಮ್ಮಗಳು ನೀಲಗಂಗಾ ಚಿಕ್ಕವಳಿದ್ದಾಗ ಆಲೆಮನೆಯಲ್ಲಿ ಕುದಿಯುವ ಬೆಲ್ಲ ಸಿಡಿದು ಎಡಗೆನ್ನೆ ಸುಟ್ಟಿತು. ಉಣ್ಣಲು, ಮಾತಾಡಲು ಅಡ್ಡಿಯಿಲ್ಲ. ಆದರೆ ಎಲ್ಲಿ ಹೋದರೂ ಎಡಗಡೆ ಗೋಡೆಯಿರುವ ಜಾಗ ಹುಡುಕಿ ಕೂರುತ್ತಾಳೆ. ಕಂಠ ಚೆನ್ನಾಗಿದೆ ಎಂದು ಹಾಡಲು ಕರೆದರೆ, ವೇದಿಕೆಯ ಮೇಲೆ ಗೋಡೆ ಎಲ್ಲಿಂದ ತರುವುದು? ಹೋಗಲೇ ಇಲ್ಲ.

ಹೋದ ಸಲ ಕೇಳುಗರು ಬಂದಾಗ ನಮ್ಮ ಹೊಳೆಸೀಮೆಯವರು ಕೈಕಾಲಿಗೆ ನೀರು ಕೊಟ್ಟು, ರೊಟ್ಟಿ ಬಡಿದು, ಎಣ್ಣೆಗಾಯಿ ಬಡಿಸಿದರು. ಮನೆಗೆ ಬಂದವರ ಮುಂದೆ ಸಂಕಟ ತೋಡಿಕೊಳ್ಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಅವರಿಗೆ ತುತ್ತು ಇಳಿಯುವುದಿಲ್ಲ. “ಏನರ ತ್ರಾಸ ಐತೇನವ್ವಾ?” ಎಂದರೆ ನೀಲಗಂಗಾ ಅಂಗೈಯಲ್ಲಿ ಕೆನ್ನೆ ಮುಚ್ಚಿ, “ಏನೂ ಇಲ್ರೀ, ಆರಾಮ ಅದೀನಿ. ಇನ್ನೊಂದ ರೊಟ್ಟಿ ಹಾಕ್ಲಿ?” ಅಂದಳು. ಊರೆಲ್ಲ ಹಾಗೇ ಅಂದಿತು. ಕೇಳುಗರು ಹೊಟ್ಟೆತುಂಬ ಉಂಡು ಹೋಗಿ, ಈ ಸೀಮೆಗೆ ಬೇಡಿಕೆಯೇ ಇಲ್ಲ ಎಂದರು. ತೆಂಕಣ ಸೀಮೆಯವರು ಅತ್ತು ಕೇಳಿದರು. ಅಲ್ಲಿ ಮೂಗು ಚೂರು ಸೊಟ್ಟಗಿದ್ದರೂ ಸರ್ಕಾರದ ಖರ್ಚಿನಲ್ಲೇ ನೆಟ್ಟಗಾಗುತ್ತದೆ. ಇಲ್ಲಿ ಸುಟ್ಟ ಕೆನ್ನೆ ತೋರಿಸಿದರೂ ಆಸ್ಪತ್ರೆಯವರು ಈ ಸೀಮೆಗೆ ಪಾಲಿಲ್ಲ, ಇದು ಶೋಕಿ ಅನ್ನುತ್ತಾರೆ. ತೆಂಕಣದವರು ಕೇಳಿದ್ದು ತಪ್ಪಲ್ಲ. ಆದರೆ ರೊಟ್ಟಿ ಮುರಿಯುತ್ತ ಎದುರು ಕೂತ ಕೇಳುಗರಿಗೆ ಆ ಕೆನ್ನೆ ಕಾಣಲಿಲ್ಲವೇ?

ಇಂದು ಮತ್ತೆ ಬರುತ್ತಾರೆ. ಇದು ತಪ್ಪಿದರೆ ಇನ್ನು ಹತ್ತು ವರ್ಷ. ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಒಲೆ ಹೊತ್ತಿಸಿದರೆ ನೀಲಗಂಗಾ ಆರಿಸಿಬಿಟ್ಟಳು.

“ಆಯಿ, ಅವರು ಉಣ್ಣಾಕ ಕುಂತ್ರ ನನಗ ಬಾಯಿ ಬರೂದಿಲ್ಲ. ಮೊದಲ ಹೇಳ್ತೀನಿ, ಆಮ್ಯಾಲ ರೊಟ್ಟಿ.”

“ಬಂದವರನ್ನ ಹಸದ ಕುಂದರಸ್ತಿಯೇನ? ಊರ ಮಂದಿ ಮಾರಿಗೆ ಉಗಳ್ತಾರ!”

“ಉಗಳ್ಲಿ. ಬಲಗಡೆ ಉಗಳ್ರಿ ಅಂತ ಹೇಳು.”

ಈ ಮರ್ಯಾದೆ ನಿಮ್ಮಿಂದಲೇ ನಮಗೆ ಬಂದದ್ದು. ಬಂದವರಿಗೆ ಉಣಿಸುವುದನ್ನು ಬಿಡಬೇಡಿ. ಆದರೆ ತ್ರಾಸ ಏನೆಂದು ಯಾರಾದರೂ ಕೇಳಿದಾಗ ಬಾಯಿಬಿಟ್ಟು ಹೇಳುವುದನ್ನೂ ಮಕ್ಕಳಿಗೆ ಕಲಿಸಿ. ಆ ಪಾಠ ನಮ್ಮವರೆಗೆ ಬರಲು ಬಹಳ ಕಾಲ ಹಿಡಿಯುತ್ತದೆ, ಇವತ್ತೇ ಶುರುಮಾಡಿ.

ಗಾಡಿಯ ಸದ್ದಾಯಿತು. ನೀಲಗಂಗಾ ಕುರ್ಚಿ ಎತ್ತಿಕೊಂಡು ಹೋಗಿ ಅಂಗಳದ ನಟ್ಟನಡುವೆ ಹಾಕಿ ಕೂತಿದ್ದಾಳೆ. ಅವಳ ಸುತ್ತ ಎಲ್ಲೂ ಗೋಡೆಯಿಲ್ಲ.

ನಿಮ್ಮ ಮುಂದಿನವಳು,
ಕಾಶವ್ವ