ಹುಳದ ಮನೆಯ ಪಾಠ

ತೂಬಗೆರೆ
12-8-2025, ಮಂಗಳವಾರ

ಪ್ರೀತಿಯ ಪ್ರಮೋದಾಳಿಗೆ ನಿನ್ನ ಅನುಸೂಯಕ್ಕ ಮಾಡುವ ಆಶೀರ್ವಾದ.

ತವರಿಗೆ ಹೋದವಳು ಫೋನ್ ತೆಗೆಯುತ್ತಿಲ್ಲ. ಅದಕ್ಕೇ ಹೊಸಕೋಟೆ ಕಡೆ ಹೊರಟ ನನ್ನ ಮೈದುನ ಗೋವಿಂದರಾಜು ಕೈಯಲ್ಲಿ ಈ ಕಾಗದ. ಸಮೇತನಹಳ್ಳಿಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆಯೇ? ಇಲ್ಲಿ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ನಮ್ಮ ರೇಷ್ಮೆ ಹುಳವೆಲ್ಲ ಹೋದವು. ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು, ಅಷ್ಟರಲ್ಲಿ ಊದಿಕೊಂಡು, ಒಡೆದು, ಹಾಲಿನಂಥ ನೀರು ಸುರಿಸಿ ಸತ್ತವು. ಗುಂಡಿ ತೋಡಿ ಮುಚ್ಚಿದೆವು. ವಾಸನೆ ಇನ್ನೂ ಹೋಗಿಲ್ಲ.

ಹುಳದ ಮನೆಗೆ ಹೊರಗಿನವರನ್ನು ಬಿಡಬಾರದು ಎಂದು ನಮ್ಮ ಅತ್ತೆ ಅಮ್ಮಯಮ್ಮನವರು ಮೊದಲೇ ಹೇಳಿದ್ದರು. ರೈತರ ಗುಂಪಿನ ರೇಷ್ಮೆ ತರಗತಿ ನಮ್ಮಲ್ಲೇ ನಡೆಯಲಿ ಎಂದು ನಾನು ಒಪ್ಪಿಕೊಂಡಾಗ, "ಹತ್ತು ಜನ ಸೇರಿದ್ ಕಡೆ ಹಾವೂ ಸಾಯಲ್ಲ ಕಣಮ್ಮಿ" ಎಂದು ಗೊಣಗಿದ್ದರು. ನಾನೋ, ಇಷ್ಟು ಜನ ನನ್ನ ಮನೆಗೆ ಬಂದು ಕಲಿಯುತ್ತಾರಲ್ಲ ಎಂದು ಬೀಗಿದ್ದೆ. ವಾರವಾರವೂ ಹುರುಳಿಕಾಳು ಉಸಲಿ ಮಾಡಿಟ್ಟು ಕಾಯುತ್ತಿದ್ದೆ.

ತರಬೇತಿ ಕೊಡುವ ಶ್ರೀಧರ್ ಪ್ರತಿ ಸಲವೂ ಕೇಳುತ್ತಿದ್ದರು: ಯಾರ ಮನೆಯ ಹುಳಕ್ಕಾದರೂ ಕಾಯಿಲೆ ಇದ್ದರೆ ಹೇಳಿ, ಒಳಗೆ ಬರದೆ ಹೊರಗೇ ಕೂತು ಕೇಳಿ ಎಂದು. ಆದಿಲಕ್ಷ್ಮಮ್ಮ ಒಬ್ಬಳೇ ಒಂದು ಸಲ ಎದ್ದು ನಿಂತು ಹೇಳಿದಳು. ಏನಾಯಿತು? ಅವಳ ಮನೆ ಗಲೀಜು, ಅವಳಿಗೆ ಹುಳ ಸಾಕುವ ಯೋಗ್ಯತೆಯಿಲ್ಲ ಎಂದು ನಮ್ಮ ಗುಂಪೇ ಊರೆಲ್ಲ ಸಾರಿತು. ಹಿಪ್ಪುನೇರಳೆ ಸೊಪ್ಪು ಕೊಯ್ಯಲೂ ಅವಳನ್ನು ಯಾರೂ ಕರೆಯದಂತಾಯಿತು. ಆಮೇಲೆ ಯಾರಿಗೆ ಬಾಯಿ ಬರುತ್ತದೆ? ಎಲ್ಲರೂ ತಲೆ ತಗ್ಗಿಸಿಕೊಂಡು ಒಳಗೆ ಬಂದರು. ನೀನೂ ಬಂದೆ. ನಮ್ಮ ಹುಳವನ್ನು ಅಂಗೈ ಮೇಲೆ ಇಟ್ಟುಕೊಂಡು, ಎಷ್ಟು ದಪ್ಪಗಿವೆ ಅಕ್ಕಾ ಎಂದೆ.

ಮೊನ್ನೆ ನಿಮ್ಮ ಅತ್ತೆ ಬಂದು ಜಗಲಿ ಮೇಲೆ ಕೂತು ಮರುಗಿದರು. "ನಮ್ಮೋವೂ ಹಿಂಗೇ ಹಾಲಾಗೋದ್ವು ಕಣಮ್ಮ. ಅವತ್ತು ಪ್ರಮೋದಾ ಸತ್ತಿದ್ದೋವ್ನ ಎತ್ತಾಕ್ಬಿಟ್ಟೇ ನಿಮ್ ಕ್ಲಾಸಿಗೆ ಬಂದಿದ್ದು" ಎಂದರು. ಪಾಪ, ತಾವು ಏನು ಹೇಳಿದೆವೆಂದು ಅವರಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು.

ನಿನ್ನ ಮೇಲೆ ಕೋಪವಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ನೀನು ನನಗೆ ತಂಗಿಯ ಹಾಗೆ. ಈಗ ನಮ್ಮ ಮನೆಯೇ ಗಲೀಜು ಎಂದು ಹೇಳಿಕೊಂಡು ತರಗತಿಯನ್ನು ದೇವಸ್ಥಾನದ ಕಟ್ಟೆಗೆ ಸಾಗಿಸಿದ್ದಾರೆ. ಗುರುವಾರ ಬಾ. ಎಲ್ಲರ ಮುಂದೆ ಎದ್ದು ನಿಂತು ನಡೆದದ್ದನ್ನು ಹೇಳು. ನಾನು ನಿನ್ನ ಪಕ್ಕದಲ್ಲೇ ಕೂತಿರುತ್ತೇನೆ.

ಇಂತಿ ನಿನ್ನ,
ಅನುಸೂಯಕ್ಕ

ತಾ.ಕ.: ನಿಮ್ಮ ಅತ್ತೆ ಬಂದಿದ್ದು ಹುಳ ಸಾಕುವ ಬಿದಿರಿನ ತಟ್ಟೆ ಕೇಳುವುದಕ್ಕೆ. ನಿಮ್ಮ ತಟ್ಟೆಗಳನ್ನೆಲ್ಲ ಸುಟ್ಟುಬಿಟ್ಟಿರಂತೆ, ಶುಕ್ರವಾರ ಹೊಸ ಹುಳದ ಮರಿ ತರುತ್ತಾರಂತೆ. ಬ್ಲೀಚಿಂಗ್ ಹಾಕಿ ತೊಳೆದಿದ್ದೀಯಾ ಎಂದು ಎರಡು ಸಲ ಕೇಳಿದರು. ತೊಳೆದಿದ್ದೇನೆ ಎಂದು ಹೇಳಿ, ನಮ್ಮ ಹುಳ ಸತ್ತ ತಟ್ಟೆಗಳನ್ನೇ ಕೊಟ್ಟು ಕಳುಹಿಸಿದೆ. ತೊಳೆದಿಲ್ಲ. ಇದನ್ನು ಅವರಿಗೆ ಹೇಳಬೇಕಾದವಳು ಈಗ ನೀನೇ. ಅನುಸೂಯ ಯಾಕೆ ಹೀಗೆ ಮಾಡಿದಳು ಎಂದು ಅವರು ನಿನ್ನನ್ನು ಕೇಳುತ್ತಾರೆ.